ಕಾಣಿಸಿಕೊಳ್ಳುವ ಮೊದಲೇ ಹಿಡಿಯಬೇಕಾದ ಕಾಯಿಲೆ

ಫಿನೈಲ್‌ಕೀಟೋನೂರಿಯಾ ಇರುವ ಮಗು ಹುಟ್ಟುವಾಗ ಎಲ್ಲ ಮಕ್ಕಳಂತೆಯೇ ಇರುತ್ತದೆ. ತೂಕ ಸರಿಯಾಗಿರುತ್ತದೆ, ಅಳು ಜೋರಾಗಿರುತ್ತದೆ, ಹಾಲು ಚೆನ್ನಾಗಿಯೇ ಕುಡಿಯುತ್ತದೆ. ನೋಡಿದ ವೈದ್ಯರಿಗಾಗಲಿ ಹೆತ್ತವಳಿಗಾಗಲಿ ಯಾವ ಸಂಶಯವೂ ಬರುವುದಿಲ್ಲ. ಹಾನಿ ಶುರುವಾಗುವುದು ಆ ಹಾಲಿನಿಂದಲೇ. ಹೊಟ್ಟೆಯಲ್ಲಿದ್ದಷ್ಟು ದಿನ ತಾಯಿಯ ದೇಹ ಮಗುವಿನ ಕೆಲಸವನ್ನೂ ಸೇರಿಸಿ ಮಾಡುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಮಗು ತನ್ನ ಯಕೃತ್ತನ್ನೇ ನಂಬಬೇಕು. ಆ ಯಕೃತ್ತಿನಲ್ಲಿ ಒಂದು ಕಿಣ್ವ ಇಲ್ಲ, ಅಥವಾ ಇದ್ದರೂ ಕೆಲಸ ಮಾಡುತ್ತಿಲ್ಲ. ಕೂರಬೇಕಾದ ವಯಸ್ಸಿಗೆ ಮಗು ಕೂರುತ್ತಿಲ್ಲ, ಮುಖ ನೋಡಿ ನಗುತ್ತಿಲ್ಲ ಎಂದು ಮನೆಯವರಿಗೆ ಗಾಬರಿಯಾಗಿ ಆಸ್ಪತ್ರೆಗೆ ಓಡುವ ಹೊತ್ತಿಗೆ ಮಿದುಳಿಗೆ ಆಗಬಾರದ್ದು ಆಗಿ ಹೋಗಿರುತ್ತದೆ. ಆಮೇಲೆ ಏನು ಮಾಡಿದರೂ ಕಳೆದುಕೊಂಡದ್ದು ಪೂರ್ತಿಯಾಗಿ ಸಿಗುವುದಿಲ್ಲ.

ಇದೇ ಮಗುವಿನ ರಕ್ತವನ್ನು ಹುಟ್ಟಿದ ಎರಡು ಮೂರು ದಿನಗಳಲ್ಲಿ ಪರೀಕ್ಷಿಸಿ, ಮೊದಲ ಒಂದೆರಡು ವಾರದೊಳಗೆ ಆಹಾರ ಬದಲಿಸಿದ್ದರೆ ಅದು ಶಾಲೆಗೆ ಹೋಗುತ್ತಿತ್ತು, ಡಿಗ್ರಿ ಮುಗಿಸುತ್ತಿತ್ತು, ಕೆಲಸಕ್ಕೆ ಸೇರುತ್ತಿತ್ತು. ಹುಟ್ಟಿನಿಂದ ಬಂದ ಕಾಯಿಲೆ ಎಂದರೆ ಹಣೆಬರಹ, ಅನುಭವಿಸಲೇಬೇಕು ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಇಂದಿಗೂ ಕೇಳುತ್ತೇವೆ. ಆ ಮಾತನ್ನು ಇಷ್ಟು ಸ್ಪಷ್ಟವಾಗಿ ಸುಳ್ಳು ಮಾಡಿದ ಕಾಯಿಲೆ ಇನ್ನೊಂದಿಲ್ಲ. ಕೆಟ್ಟ ಜೀನ್ ಕೆಟ್ಟೇ ಇರುತ್ತದೆ, ಆದರೆ ಮಗು ಚೆನ್ನಾಗಿ ಬೆಳೆಯುತ್ತದೆ. ಅದಕ್ಕೆ ಬೇಕಾದದ್ದು ಸಮಯಕ್ಕೆ ಸರಿಯಾಗಿ ಗೊತ್ತಾಗುವುದು, ಅಷ್ಟೇ.

ಆ ಕಿಣ್ವ ಇಲ್ಲದಾಗ ರಕ್ತದಲ್ಲಿ ತುಂಬಿಕೊಂಡು ಮಿದುಳನ್ನು ಕೆಡಿಸುವುದು ಫಿನೈಲ್‌ಅಲನೈನ್. ಅದು ವಿಷವೇನಲ್ಲ. ಅದೊಂದು ಅಮೈನೋ ಆಮ್ಲ. ಅದಿಲ್ಲದೆ ದೇಹ ಪ್ರೋಟೀನ್ ಕಟ್ಟಲಾರದು, ತಾನಾಗಿ ತಯಾರಿಸಿಕೊಳ್ಳಲೂ ಆರದು. ಹಾಲು, ಬೇಳೆ, ಮೊಟ್ಟೆ, ಮಾಂಸ, ಅಕ್ಕಿ, ರಾಗಿ, ಹೀಗೆ ಪ್ರೋಟೀನ್ ಇರುವ ಎಲ್ಲದರಲ್ಲೂ ಇದು ಇದೆ. ಊಟದ ಪ್ರೋಟೀನ್‌ನಲ್ಲಿ ಹೆಚ್ಚುಕಡಿಮೆ ಶೇ 5ರಷ್ಟು ಇದೇ. ದೇಹ ಬೇಕಾದಷ್ಟನ್ನು ಬಳಸಿಕೊಂಡು ಉಳಿದದ್ದನ್ನು ಯಕೃತ್ತಿಗೆ ಒಪ್ಪಿಸುತ್ತದೆ. ಅಲ್ಲಿ ಫಿನೈಲ್‌ಅಲನೈನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಅದಕ್ಕೆ ಆಮ್ಲಜನಕದ ಒಂದು ಪರಮಾಣು ಸೇರಿಸಿ ಟೈರೋಸಿನ್ ಮಾಡುತ್ತದೆ. ಈ ಕೆಲಸಕ್ಕೆ ಬಿಎಚ್4 ಎಂಬ ಸಹಾಯಕ ಅಣು ಬೇಕು, ಕಬ್ಬಿಣವೂ ಬೇಕು. ಟೈರೋಸಿನ್‌ನಿಂದ ಮಿದುಳಿನ ಡೋಪಮೈನ್, ಹೆದರಿಕೆಯಲ್ಲಿ ಎದೆ ಹೊಡೆದುಕೊಳ್ಳುವಂತೆ ಮಾಡುವ ಅಡ್ರಿನಲಿನ್, ಥೈರಾಯ್ಡ್ ಹಾರ್ಮೋನು, ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವ ಮೆಲನಿನ್ ಹುಟ್ಟುತ್ತವೆ. ಮಿಕ್ಕ ಟೈರೋಸಿನ್ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಶಕ್ತಿಯಾಗಿ ಖರ್ಚಾಗುತ್ತದೆ.

ಈ ದಾರಿಯ ಯಾವ ಮೆಟ್ಟಿಲು ಮುರಿದರೂ ಒಂದೊಂದು ಕಾಯಿಲೆ. ಮೆಲನಿನ್ ಕಡೆಗೆ ಹೋಗುವ ಕವಲು ನಿಂತರೆ ತೊನ್ನಿನಂತಲ್ಲದ, ಹುಟ್ಟಿನಿಂದಲೇ ಮೈಯೆಲ್ಲ ಬಿಳುಪಾಗಿರುವ ಆಲ್ಬಿನಿಸಂ. ಒಡೆಯುವ ದಾರಿಯ ನಡುವಿನ ಮೆಟ್ಟಿಲು ಮುರಿದರೆ ಮೂತ್ರ ಗಾಳಿಗೆ ಕಪ್ಪಾಗುವ ಆಲ್ಕಾಪ್ಟೋನೂರಿಯಾ. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಈ ಕಪ್ಪು ಮೂತ್ರದ ಜಾಡು ಹಿಡಿದೇ ಕಾಯಿಲೆಯೊಂದು ಮೆಂಡಲನ ನಿಯಮದಂತೆ ತಂದೆತಾಯಿಯಿಂದ ಮಕ್ಕಳಿಗೆ ಇಳಿಯಬಲ್ಲದೆಂದು ತೋರಿಸಿದ್ದು. ಅಂಥ ಮಕ್ಕಳ ತಂದೆತಾಯಿ ಎಷ್ಟೋ ಸಲ ಹತ್ತಿರದ ಸಂಬಂಧಿಕರಾಗಿರುವುದನ್ನು ಅವನು ಆಗಲೇ ಗಮನಿಸಿದ್ದ. ಕಡೆಯ ಮೆಟ್ಟಿಲು ಮುರಿದರೆ ಯಕೃತ್ತನ್ನೇ ಹಾಳುಮಾಡುವ ಟೈರೋಸಿನೀಮಿಯಾ. ಮೊಟ್ಟಮೊದಲ ಮೆಟ್ಟಿಲೇ ಮುರಿದರೆ ಫಿನೈಲ್‌ಕೀಟೋನೂರಿಯಾ. ವೈದ್ಯರು ಚಿಕ್ಕದಾಗಿ ಪಿಕೆಯು ಎನ್ನುತ್ತಾರೆ.

ಆಗ ರಕ್ತದಲ್ಲಿ ಫಿನೈಲ್‌ಅಲನೈನ್ ಏರುತ್ತದೆ. ಆರೋಗ್ಯವಂತರಲ್ಲಿ ಡೆಸಿಲೀಟರಿಗೆ 2 ಮಿಲಿಗ್ರಾಂ ದಾಟದ ಪ್ರಮಾಣ ತೀವ್ರ ಪಿಕೆಯು ಇರುವವರಲ್ಲಿ 20 ಮಿಲಿಗ್ರಾಂ ಮೀರುತ್ತದೆ. ಮಿದುಳಿನೊಳಕ್ಕೆ ಹೋಗಲು ಟೈರೋಸಿನ್, ಟ್ರಿಪ್ಟೋಫ್ಯಾನ್ ಮೊದಲಾದ ಹಲವು ಅಮೈನೋ ಆಮ್ಲಗಳಿಗೆ ಇರುವುದು ಒಂದೇ ಬಾಗಿಲು. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ಸಿಗೆ ನುಗ್ಗುವ ಗುಂಪಿನಂತೆ ಫಿನೈಲ್‌ಅಲನೈನ್ ಬಾಗಿಲಿಗೆ ಮುತ್ತಿಕೊಂಡಾಗ ಮಿಕ್ಕವಕ್ಕೆ ಒಳಗೆ ಜಾಗ ಸಿಗುವುದಿಲ್ಲ. ನರತಂತುಗಳ ಮೇಲಿನ ಹೊದಿಕೆ ಸರಿಯಾಗಿ ಬೆಳೆಯುವುದಿಲ್ಲ, ಡೋಪಮೈನ್, ಸೆರಟೋನಿನ್ ಕಡಿಮೆಯಾಗುತ್ತವೆ. ಮೆಲನಿನ್ ತಗ್ಗುವುದರಿಂದ ಕೂದಲು, ಚರ್ಮ ಮನೆಯ ಉಳಿದವರಿಗಿಂತ ತಿಳಿಯಾಗುತ್ತವೆ. ನಮ್ಮ ಕಡೆ ಮಗು ಬೆಳ್ಳಗಿದೆ ಎಂದು ಸಂತೋಷಪಡುತ್ತಾರಲ್ಲ, ಅದೂ ಇಲ್ಲಿ ಕಾಯಿಲೆಯ ಗುರುತಾಗಿರಬಹುದು.

ಇದೆಲ್ಲ ತಿಳಿದದ್ದು ನಾರ್ವೆಯ ಒಬ್ಬ ತಾಯಿಯ ಹಟದಿಂದ. ಬೋರ್ಗ್ನಿ ಎಗೆಲಂಡ್ ಎಂಬ ಆಕೆಗೆ ಇಬ್ಬರು ಮಕ್ಕಳು, ಹುಡುಗಿ ಲಿವ್, ಹುಡುಗ ಡಾಗ್. ಹುಟ್ಟುವಾಗ ಇಬ್ಬರೂ ಸರಿಯಾಗಿಯೇ ಇದ್ದರು. ಬೆಳೆಯುತ್ತ ಹುಡುಗಿ ನಾಲ್ಕು ಮಾತಿಗೆ ನಿಂತಳು. ಹುಡುಗ ನಡೆಯಲಿಲ್ಲ, ಮಾತಾಡಲಿಲ್ಲ. ಇಬ್ಬರ ಮೈಯಿಂದಲೂ ಮೂತ್ರದಿಂದಲೂ ಒಂದು ಬಗೆಯ ಮುಗ್ಗಲು ವಾಸನೆ ಬಿಡದೆ ಬರುತ್ತಿತ್ತು. ತೋರಿಸಿದ ವೈದ್ಯರು ಯಾರೂ ಆ ವಾಸನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1934ರಲ್ಲಿ ಆಕೆ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರ ಬಳಿಗೆ ಹೋದಳು. ಅವರು ವೈದ್ಯಕೀಯಕ್ಕೆ ಬರುವ ಮೊದಲು ರಸಾಯನಶಾಸ್ತ್ರ ಓದಿದ್ದವರು. ಮೂತ್ರದ ಮಾಮೂಲಿ ಪರೀಕ್ಷೆಗಳ ಜೊತೆಗೆ, ಸಕ್ಕರೆ ಕಾಯಿಲೆಯವರಲ್ಲಿ ಕೀಟೋನ್ ಹುಡುಕಲು ಬಳಸುವ ಫೆರಿಕ್ ಕ್ಲೋರೈಡನ್ನೂ ಹಾಕಿ ನೋಡಿದರು. ಕಂದುಗೆಂಪಾಗಿಯೇ ಉಳಿಯಬೇಕು, ಕೀಟೋನ್ ಇದ್ದರೆ ನೇರಳೆಗೆ ತಿರುಗಬೇಕು. ಅವರೆದುರು ದ್ರವ ಗಾಢ ಹಸಿರಾಯಿತು. ಕೆಲವು ನಿಮಿಷಗಳಲ್ಲಿ ಆ ಹಸಿರೂ ಮಾಸಿತು. ಅಂಥ ಬಣ್ಣವನ್ನು ಅವರು ಹಿಂದೆ ಕಂಡಿರಲಿಲ್ಲ.

ಯಾವುದಾದರೂ ಔಷಧದಿಂದ ಹೀಗಾಗಿರಬಹುದು, ಎಲ್ಲ ಔಷಧ ನಿಲ್ಲಿಸಿ ಮತ್ತೆ ತನ್ನಿ ಎಂದರು. ಆಕೆ ತಂದಳು, ಮತ್ತೆ ಹಸಿರು. ಅಲ್ಲಿಂದ ಮುಂದೆ ತಾಯಿ ಹೊತ್ತು ತಂದ ಇಪ್ಪತ್ತು ಲೀಟರಿಗೂ ಹೆಚ್ಚಿನ ಮೂತ್ರದಿಂದ ಫೋಲಿಂಗ್ ಒಂದೊಂದೇ ವಸ್ತುವನ್ನು ಬೇರ್ಪಡಿಸುತ್ತ ಹೋದರು. ಕಡೆಗೆ ಶುದ್ಧ ಹರಳಾಗಿ ಸಿಕ್ಕಿದ್ದು ಫಿನೈಲ್‌ಪೈರುವಿಕ್ ಆಮ್ಲ. ಒಡೆಯಲಾಗದ ಫಿನೈಲ್‌ಅಲನೈನ್ ಅಡ್ಡದಾರಿ ಹಿಡಿದು ಆಗುವ ವಸ್ತು ಅದು. ಆಮೇಲೆ ಅವರು ಬುದ್ಧಿಮಾಂದ್ಯರ ಆಶ್ರಯಧಾಮಗಳಿಗೆ ಹೋಗಿ 430 ಮಂದಿಯನ್ನು ಪರೀಕ್ಷಿಸಿದರು. ಇನ್ನೂ ಎಂಟು ಜನರಲ್ಲಿ ಅದೇ ಹಸಿರು ಕಂಡಿತು, ಅವರಲ್ಲೂ ಒಡಹುಟ್ಟಿದವರಿದ್ದರು. ಬುದ್ಧಿಮಾಂದ್ಯತೆಗೆ ರಾಸಾಯನಿಕ ಕಾರಣ ಇರಬಹುದು ಎಂಬುದು ಹೀಗೆ ಜಗತ್ತಿಗೆ ಗೊತ್ತಾಯಿತು. ಆ ಇಬ್ಬರು ಮಕ್ಕಳಿಗೆ ಇದರಿಂದ ಏನೂ ಉಪಕಾರವಾಗಲಿಲ್ಲ. ಆದರೆ ವಾಸನೆ ಬರುತ್ತಿದೆ ಎಂದು ತಾಯಿಯೊಬ್ಬಳು ಮತ್ತೆ ಮತ್ತೆ ಹೇಳಿದ್ದನ್ನು ಲಕ್ಷ್ಯಕ್ಕೆ ತಂದುಕೊಂಡ ಒಬ್ಬ ವೈದ್ಯ ಸಿಕ್ಕಿದ್ದರಿಂದ ಮುಂದಿನದೆಲ್ಲ ಸಾಧ್ಯವಾಯಿತು. ತಾಯಂದಿರ ದೂರನ್ನು ಅತಿಯಾದ ಆತಂಕವೆಂದು ತಳ್ಳಿಹಾಕುವ ವೈದ್ಯರು ಈ ಕಥೆಯನ್ನು ಓದಬೇಕು.

ಅದೇ ದಶಕದಲ್ಲಿ ಜರ್ಮನಿ ಬುದ್ಧಿಮಾಂದ್ಯರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡುತ್ತಿತ್ತು. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಅದನ್ನು ಮೆಚ್ಚಿದವರಿದ್ದರು. ಪಿಕೆಯು ಕುರಿತು ಕೆಲಸ ಮಾಡುತ್ತಿದ್ದ ಬ್ರಿಟನ್ನಿನ ಲಯನೆಲ್ ಪೆನ್ರೋಸ್ 1946ರಲ್ಲಿ ಈ ಕಾಯಿಲೆಯ ಲೆಕ್ಕವನ್ನೇ ಮುಂದಿಟ್ಟು, ಸಂತಾನಹರಣದಿಂದ ಇಂಥ ಕಾಯಿಲೆಗಳನ್ನು ಅಳಿಸಬಹುದೆಂಬ ವಾದವನ್ನು ಮುರಿದರು. ಲೆಕ್ಕ ಸರಳ. ಮಗುವಿಗೆ ಕಾಯಿಲೆ ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಕೆಟ್ಟ ಪ್ರತಿ ಬರಬೇಕು. ಒಂದೇ ಪ್ರತಿ ಇರುವವರಿಗೆ ಏನೂ ಆಗುವುದಿಲ್ಲ, ತಮ್ಮಲ್ಲಿ ಅದಿದೆ ಎಂಬುದೂ ತಿಳಿಯುವುದಿಲ್ಲ. ಹತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಪಿಕೆಯು ಬರುವ ನಾಡಿನಲ್ಲಿ ಸುಮಾರು ಐವತ್ತು ಜನರಲ್ಲಿ ಒಬ್ಬರು ಆ ಜೀನಿನ ವಾಹಕರು. ಕಾಯಿಲೆಯವರನ್ನು ತಡೆದರೆ ಜೀನ್ ಹೋಗುವುದಿಲ್ಲ. ಜೀನನ್ನೇ ಕಿತ್ತುಹಾಕುತ್ತೇವೆ ಎಂದು ಹೊರಟರೆ ಲಕ್ಷಾಂತರ ಆರೋಗ್ಯವಂತರಿಗೆ ಮಕ್ಕಳಾಗದಂತೆ ಮಾಡಬೇಕು. ಕುಲಶುದ್ಧಿಯ ಮಾತಾಡುವವರು ಇಂದಿಗೂ ಇದ್ದಾರಾದ್ದರಿಂದ ಈ ಲೆಕ್ಕ ಹಳತಾಗಿಲ್ಲ.

ದೋಷ ಯಕೃತ್ತಿನ ಕಿಣ್ವದಲ್ಲಿದೆ ಎಂದು ಅಮೆರಿಕದ ಜಾರ್ಜ್ ಜರ್ವಿಸ್ 1953ರಲ್ಲಿ ಖಚಿತಪಡಿಸಿದರು. ಚಿಕಿತ್ಸೆ ಅಷ್ಟರಲ್ಲಿ ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಯಲ್ಲಿ ಶುರುವಾಗಿತ್ತು, ಅದೂ ಇನ್ನೊಬ್ಬ ತಾಯಿಯಿಂದ. ಅವಳ ಮಗಳು ಶೀಲಾಗೆ ಹದಿನೇಳು ತಿಂಗಳು. ಕೂರಲಾರಳು, ನಿಲ್ಲಲಾರಳು. ನರಳುತ್ತ, ಅಳುತ್ತ, ತಲೆ ಚಚ್ಚಿಕೊಳ್ಳುತ್ತ ದಿನ ಕಳೆಯುತ್ತಿದ್ದಳು. ವೈದ್ಯ ಹಾರ್ಸ್ಟ್ ಬಿಕೆಲ್ ಪರೀಕ್ಷೆ ಮಾಡಿ ಪಿಕೆಯು ಎಂದು ಹೇಳಿದರು, ಚಿಕಿತ್ಸೆ ಇಲ್ಲ ಎಂದೂ ಹೇಳಿದರು. ತಾಯಿ ಒಪ್ಪಲಿಲ್ಲ. ಪ್ರತಿದಿನ ಬೆಳಿಗ್ಗೆ ಬಂದು ನನ್ನ ಮಗುವಿಗೆ ಏನಾದರೂ ಮಾಡಿ ಎಂದು ಕೇಳತೊಡಗಿದಳು. ಬಿಕೆಲ್ ಮತ್ತು ಅವರ ಸಹೋದ್ಯೋಗಿಗಳಾದ ಜಾನ್ ಜೆರಾರ್ಡ್, ಎವೆಲಿನ್ ಹಿಕ್ಮನ್ಸ್ ಹಾಲಿನ ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಒಡೆದು, ಇದ್ದಿಲಿನ ಪುಡಿಯ ಮೂಲಕ ಹಾಯಿಸಿ, ಫಿನೈಲ್‌ಅಲನೈನ್ ಕಳೆದ ಆಹಾರ ತಯಾರಿಸಿದರು. ಇದ್ದಿಲು ಟೈರೋಸಿನ್ನನ್ನೂ ಟ್ರಿಪ್ಟೋಫ್ಯಾನನ್ನೂ ಹಿಡಿದುಕೊಳ್ಳುತ್ತಿದ್ದರಿಂದ ಅವನ್ನು ಬೇರೆಯಾಗಿ ಬೆರೆಸಿದರು. ಪೂರ್ತಿ ಫಿನೈಲ್‌ಅಲನೈನ್ ಇಲ್ಲದಾಗ ಮಗುವಿನ ತೂಕವೇ ಇಳಿಯಿತು. ಆಗ ಅಳೆದು ಸ್ವಲ್ಪ ಹಾಲು ಸೇರಿಸಿದರು.

ಕೆಲವು ತಿಂಗಳಲ್ಲಿ ಶೀಲಾ ಅಂಬೆಗಾಲಿಟ್ಟಳು. ನಿಂತಳು. ಕೂದಲು ಕಪ್ಪಾಗುತ್ತ ಬಂತು, ತಲೆ ಚಚ್ಚಿಕೊಳ್ಳುವುದು ನಿಂತಿತು. ಇದು ಆಹಾರದಿಂದಲೇ ಆದದ್ದೋ, ತಾನಾಗಿ ಆದದ್ದೋ ಎಂದು ತಿಳಿಯಲು ಬಿಕೆಲ್ ತಂಡ ತಾಯಿಗೆ ಹೇಳದೆ ಆಹಾರಕ್ಕೆ ದಿನಕ್ಕೆ 5 ಗ್ರಾಂ ಫಿನೈಲ್‌ಅಲನೈನ್ ಸೇರಿಸಿತು. ಕೆಲವೇ ಗಂಟೆಗಳಲ್ಲಿ ಅಳು, ತಲೆ ಚಚ್ಚುವುದು ಮರಳಿ ಬಂದವು. ಮಗು ನಿಲ್ಲುವುದನ್ನೇ ಬಿಟ್ಟಿತು. ತಾಯಿ ಕಂಗಾಲಾಗಿ ಓಡಿಬಂದಳು. ಅವಳಿಗೆ ಹೇಳದೆ ಮಾಡಿದ್ದು ತಪ್ಪು ಎಂಬುದರಲ್ಲಿ ನನಗೆ ಸಂಶಯವಿಲ್ಲ, ಇವತ್ತು ಯಾವ ಆಸ್ಪತ್ರೆಯ ನೀತಿ ಸಮಿತಿಯೂ ಅದಕ್ಕೆ ಒಪ್ಪಿಗೆ ಕೊಡುವುದಿಲ್ಲ. ಆದರೂ ಆಹಾರದಿಂದಲೇ ಇದನ್ನು ತಡೆಯಬಹುದು ಎಂಬುದಕ್ಕೆ ಜಗತ್ತು ನಂಬಿದ ಸಾಕ್ಷ್ಯ ಅದೇ ಆಯಿತು. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ಶೀಲಾ ಮಾತ್ರ ಪೂರ್ತಿ ಸರಿಹೋಗಲಿಲ್ಲ, ಆಹಾರ ಶುರುಮಾಡುವಾಗಲೇ ಬಹಳ ತಡವಾಗಿತ್ತು.

ಹಾಗಾದರೆ ತಡವಾಗದಂತೆ ಕಂಡುಹಿಡಿಯುವುದು ಹೇಗೆ? ಮೂತ್ರದ ಹಸಿರು ಬಣ್ಣ ಕಾಣಲು ಹಲವು ವಾರ ಬೇಕು. ಉತ್ತರ ಸಿಕ್ಕಿದ್ದು ಅಮೆರಿಕದ ಬಫಲೋ ನಗರದ ರಾಬರ್ಟ್ ಗಥ್ರಿ ಅವರಿಂದ. ಅವರ ಮಗನಿಗೆ ಬುದ್ಧಿಮಾಂದ್ಯತೆ ಇತ್ತು, ಅವರ ಹೆಂಡತಿಯ ಸಹೋದರಿಯ ಮಗಳಿಗೆ ಪಿಕೆಯು ಇರುವುದು ಹದಿನೈದು ತಿಂಗಳಾದ ಮೇಲೆ ತಿಳಿದಿತ್ತು. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಒಂದು ವಸ್ತು, ಆ ತಡೆಯನ್ನು ಮೀರಿಸಬಲ್ಲದ್ದು ಫಿನೈಲ್‌ಅಲನೈನ್. ಈ ಎರಡನ್ನೇ ಅವರು ಬಳಸಿಕೊಂಡರು. ಮಗುವಿನ ಹಿಮ್ಮಡಿ ಚುಚ್ಚಿ ರಕ್ತವನ್ನು ದಪ್ಪ ಸೋಸುಕಾಗದದ ಮೇಲೆ ಇಳಿಸಬೇಕು, ಒಣಗಿಸಬೇಕು, ಅಂಚೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಆ ಕಾಗದದ ಚುಕ್ಕಿಯನ್ನು ಬ್ಯಾಕ್ಟೀರಿಯಾ ಇರುವ ತಟ್ಟೆಯ ಮೇಲಿಟ್ಟರೆ, ಫಿನೈಲ್‌ಅಲನೈನ್ ಹೆಚ್ಚಿದ್ದ ಕಡೆ ಸುತ್ತಲೂ ಬೆಳೆ ವೃತ್ತವಾಗಿ ಎದ್ದು ಕಾಣುತ್ತದೆ. ವೃತ್ತ ದೊಡ್ಡದಾದಷ್ಟೂ ಪ್ರಮಾಣ ಹೆಚ್ಚು. ಖರ್ಚು ಬಹಳ ಕಡಿಮೆ. ನಾಲ್ಕು ಲಕ್ಷ ಶಿಶುಗಳಲ್ಲಿ ಮಾಡಿ ನೋಡಿದಾಗ 39 ಮಕ್ಕಳಲ್ಲಿ ಪಿಕೆಯು ಸಿಕ್ಕಿತು. 1963ರಲ್ಲಿ ಮೆಸಾಚುಸೆಟ್ಸ್ ರಾಜ್ಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು, ಉಳಿದ ರಾಜ್ಯಗಳೂ ಎಷ್ಟೋ ದೇಶಗಳೂ ಹಿಂಬಾಲಿಸಿದವು. ಈಗ ಬ್ಯಾಕ್ಟೀರಿಯಾ ಬದಲು ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಬಂದಿದೆ, ಅದೇ ಒಣಗಿದ ಚುಕ್ಕಿಯಿಂದ ಹತ್ತಾರು ಕಾಯಿಲೆಗಳನ್ನು ಒಟ್ಟಿಗೆ ನೋಡುತ್ತದೆ. ಗಥ್ರಿಯವರ ಕಾಗದ ಮಾತ್ರ ಹಾಗೇ ಉಳಿದಿದೆ.

ಪತ್ತೆಯಾದ ಮೇಲೆ ಮನೆಯವರ ಪಾಲಿಗೆ ಬರುವುದು ಅಡುಗೆಮನೆಯ ಕೆಲಸ. ತೀವ್ರ ಪಿಕೆಯು ಇರುವ ಮಗು ದಿನಕ್ಕೆ ತಡೆದುಕೊಳ್ಳುವುದು ಸುಮಾರು 250ರಿಂದ 350 ಮಿಲಿಗ್ರಾಂ ಫಿನೈಲ್‌ಅಲನೈನ್. ನಮ್ಮ ಊಟದ ಲೆಕ್ಕ ಹಾಕಿ ನೋಡಿ. 100 ಗ್ರಾಂ ಅಕ್ಕಿಯಲ್ಲಿ ಹತ್ತಿರ ಹತ್ತಿರ ಅಷ್ಟೇ ಇದೆ, ರಾಗಿಯದೂ ಅದೇ ಕಥೆ. 100 ಗ್ರಾಂ ತೊಗರಿಬೇಳೆಯಲ್ಲಿ ಸಾವಿರ ಮಿಲಿಗ್ರಾಂ ಮೀರುತ್ತದೆ. ಹಾಗಾಗಿ ಸಾರಿನ ಬೇಳೆ, ಮೊಸರನ್ನ, ಮುದ್ದೆ, ದೋಸೆ ಎಲ್ಲವೂ ಗ್ರಾಂ ತಕ್ಕಡಿ ಹತ್ತಬೇಕು, ಯುಗಾದಿಯ ಬೇಳೆ ಒಬ್ಬಟ್ಟು ತಟ್ಟೆಯಿಂದ ದೂರವೇ ಉಳಿಯಬೇಕು. ಧಾರಾಳವಾಗಿ ಕೊಡಬಹುದಾದವು ಸಕ್ಕರೆ, ಬೆಲ್ಲ, ತುಪ್ಪ, ಎಣ್ಣೆ ಮತ್ತು ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ ಇರುವ ಸಬ್ಬಕ್ಕಿ. ಬೇರೆ ಮಕ್ಕಳಿಗೆ ಸಬ್ಬಕ್ಕಿಯಲ್ಲಿ ಸತ್ವವಿಲ್ಲ ಎನ್ನುತ್ತೇವೆ, ಈ ಮಗುವಿಗೆ ಅದೇ ಹೊಟ್ಟೆ ತುಂಬಿಸುವ ಧಾನ್ಯ. ಸಬ್ಬಕ್ಕಿಯ ಉಪ್ಪಿಟ್ಟು, ರೊಟ್ಟಿ, ಗಂಜಿಗಳ ಜೊತೆಗೆ ಹಣ್ಣು ತರಕಾರಿ ಅಳತೆಯಲ್ಲಿ. ಬೆಳವಣಿಗೆಗೆ ಬೇಕಾದ ಪ್ರೋಟೀನ್ ಬರುವುದು ಫಿನೈಲ್‌ಅಲನೈನ್ ತೆಗೆದ ವಿಶೇಷ ಪುಡಿಯಿಂದ. ಅದರ ರುಚಿ, ವಾಸನೆ ಚೆನ್ನಾಗಿರುವುದಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಅದನ್ನು ಕುಡಿಸುವ ತಾಯಿಯ ಸಹನೆಗೆ ಸಮನಾದ ಔಷಧ ಇಲ್ಲ.

ಇಷ್ಟು ಕೇಳಿ ತಾಯಿ ಹಾಲನ್ನೇ ನಿಲ್ಲಿಸಬೇಕೇನೋ ಎಂದು ಯಾರೂ ತಾವೇ ತೀರ್ಮಾನಿಸಬಾರದು. ಎದೆಹಾಲಿನಲ್ಲಿ ಹಸುವಿನ ಹಾಲಿಗಿಂತ ಫಿನೈಲ್‌ಅಲನೈನ್ ಬಹಳ ಕಡಿಮೆ. ರಕ್ತದ ಮಟ್ಟ ನೋಡಿಕೊಂಡು, ವಿಶೇಷ ಪುಡಿಯ ಜೊತೆಗೆ ಎದೆಹಾಲನ್ನೂ ಕೊಡುವುದೇ ಈಗಿನ ಪದ್ಧತಿ. ಕೆಲವು ಮಕ್ಕಳಲ್ಲಿ ಕಿಣ್ವ ಸರಿಯಾಗಿದ್ದು ಬಿಎಚ್4 ಕೊರತೆ ಇರುತ್ತದೆ. ಅವರಿಗೆ ಆಹಾರವೊಂದೇ ಸಾಲದು, ಬೇರೆ ಔಷಧಗಳೂ ಬೇಕು. ಅದಕ್ಕೇ ಪತ್ತೆಯಾದ ಪ್ರತಿ ಮಗುವಿಗೂ ಆ ಪರೀಕ್ಷೆ ಮಾಡುತ್ತಾರೆ. ಕಿಣ್ವದ ಕೆಲಸ ಸ್ವಲ್ಪ ಉಳಿದಿರುವವರಿಗೆ ನೆರವಾಗುವ ಸ್ಯಾಪ್ರೊಟೆರಿನ್ ಅಮೆರಿಕದಲ್ಲಿ 2007ರಲ್ಲಿ ಬಂತು, ವಯಸ್ಕರಿಗೆ ಚುಚ್ಚುಮದ್ದಾಗಿ ಕೊಡುವ ಪೆಗ್ವೇಲಿಯೇಸ್ 2018ರಲ್ಲಿ. ಎರಡೂ ಬಹಳ ದುಬಾರಿ.

ಡಯಟ್ ಪಾನೀಯದ ಕ್ಯಾನಿನ ಮೇಲೆ ಫಿನೈಲ್‌ಕೀಟೋನೂರಿಯಾ ಇರುವವರಿಗಲ್ಲ ಎಂಬ ಎಚ್ಚರಿಕೆ ಸಣ್ಣಕ್ಷರದಲ್ಲಿ ಇರುವುದೂ ಇವರಿಗಾಗಿಯೇ. ಆಸ್ಪರ್ಟೇಮ್ ಎಂಬ ಸಿಹಿಕಾರಕ ಹೊಟ್ಟೆಯಲ್ಲಿ ಒಡೆದಾಗ ಅರ್ಧದಷ್ಟು ಫಿನೈಲ್‌ಅಲನೈನೇ ಆಗುತ್ತದೆ. ಬೇರೆಯವರು ಈ ಸಾಲನ್ನು ಕಂಡು ಹೆದರಬೇಕಿಲ್ಲ. ಒಂದು ಲೋಟ ಹಾಲಿನಲ್ಲಿ ಒಂದು ಕ್ಯಾನಿಗಿಂತ ಹಲವು ಪಟ್ಟು ಹೆಚ್ಚು ಫಿನೈಲ್‌ಅಲನೈನ್ ಇದೆ.

ಮೊದಮೊದಲು ಮಿದುಳು ಬೆಳೆದಾಯಿತಲ್ಲ ಎಂದು ಐದಾರು ವರ್ಷಕ್ಕೆ ಪಥ್ಯ ನಿಲ್ಲಿಸುತ್ತಿದ್ದರು. ಅದು ತಪ್ಪೆಂದು ಬಳಿಕ ತಿಳಿಯಿತು. ಗಮನ ಕುಂದುವುದು, ಖಿನ್ನತೆ, ಆತಂಕ ಬರುವುದು ಕಂಡ ಮೇಲೆ ಈಗ ಜೀವಮಾನವಿಡೀ ಪಥ್ಯ ಎನ್ನುತ್ತಾರೆ. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು, ಹೀಗೆ ಉಳಿದ ಹೆಣ್ಣುಮಕ್ಕಳು ಬೆಳೆದು ಗರ್ಭಿಣಿಯರಾದಾಗ. ಪಥ್ಯವಿಲ್ಲದ ತಾಯಿಯ ರಕ್ತದ ಫಿನೈಲ್‌ಅಲನೈನ್ ಮಾಸು ದಾಟಿ ಭ್ರೂಣದಲ್ಲಿ ಇನ್ನೂ ಹೆಚ್ಚಾಗುತ್ತದೆ. 1980ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯ ಪ್ರಕಾರ, ತೀವ್ರ ಪಿಕೆಯು ಇದ್ದು ಪಥ್ಯ ಮಾಡದ ತಾಯಂದಿರ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಬುದ್ಧಿಮಾಂದ್ಯರಾಗಿ ಹುಟ್ಟಿದ್ದರು. ಹಲವರಿಗೆ ತಲೆ ಸಣ್ಣದಿತ್ತು, ಕೆಲವರಿಗೆ ಹೃದಯದ ದೋಷವಿತ್ತು. ಆ ಮಕ್ಕಳಲ್ಲಿ ಬಹುತೇಕರಿಗೆ ಪಿಕೆಯು ಇರಲೇ ಇಲ್ಲ. ಗರ್ಭ ಕಟ್ಟುವ ಮೊದಲೇ ಪಥ್ಯಕ್ಕೆ ಮರಳಿದ ತಾಯಂದಿರಿಗೆ ಆರೋಗ್ಯವಂತ ಮಕ್ಕಳಾಗುತ್ತವೆ. ಒಂದು ತಲೆಮಾರನ್ನು ಉಳಿಸಿ, ಅವರನ್ನು ಮುಂದೆಯೂ ಹಿಂಬಾಲಿಸಿ ಹೇಳದಿದ್ದರೆ ಮುಂದಿನ ತಲೆಮಾರನ್ನು ಕಳೆದುಕೊಳ್ಳುತ್ತೇವೆ.

ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1980ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಮತ್ತು ಜೊತೆಗಾರರು ಕರ್ನಾಟಕದ ಸುಮಾರು ಲಕ್ಷ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲದ ದೋಷಗಳನ್ನು ಹುಡುಕಿದರು. ದೇಶದಲ್ಲಿ ಈ ಬಗೆಯ ದೊಡ್ಡ ಕೆಲಸಗಳಲ್ಲಿ ಅದು ಮೊದಲಿನದು. ಮದುವೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧದಲ್ಲೇ ಆಗಿದ್ದುದನ್ನು ಅವರು ದಾಖಲಿಸಿದರು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆಗಳಲ್ಲಿ ಒಂದೇ ಅಜ್ಜನ ಕೆಟ್ಟ ಪ್ರತಿ ಎರಡೂ ಕಡೆಯಿಂದ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಇದನ್ನು ಮದುವೆಗೆ ಮೊದಲು ಹೇಳಬೇಕು. ಮಗು ಹುಟ್ಟಿದ ಮೇಲೆ ಸೊಸೆಯನ್ನು ದೂರಲು ಬಳಸಬಾರದು, ತಂದೆಯ ಪಾಲು ತಾಯಿಯಷ್ಟೇ ಇದೆ.

ಅಷ್ಟು ಮೊದಲೇ ಶುರುಮಾಡಿದ ನಾಡಿನಲ್ಲೂ ಇವತ್ತು ಹಿಮ್ಮಡಿ ರಕ್ತದ ಪರೀಕ್ಷೆ ಆಗುವುದೂ ಬಿಡುವುದೂ ಹೆರಿಗೆ ಎಲ್ಲಾಯಿತು ಎಂಬುದರ ಮೇಲೆ ನಿಂತಿದೆ. ಪ್ರತಿ ಶಿಶುವಿಗೂ ತಪ್ಪದೆ ನಡೆಯುವ ರಾಷ್ಟ್ರವ್ಯಾಪಿ ವ್ಯವಸ್ಥೆ ಭಾರತದಲ್ಲಿ ಇನ್ನೂ ಇಲ್ಲ. ಪಿಕೆಯು ನಮ್ಮಲ್ಲಿ ಯುರೋಪಿಗಿಂತ ಅಪರೂಪ, ಅದಕ್ಕೆ ಇಷ್ಟೆಲ್ಲ ಖರ್ಚು ಏಕೆ ಎಂದು ಕೇಳುವವರಿದ್ದಾರೆ. ಅದೇ ಕಾಗದದ ಚುಕ್ಕಿ ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆಯನ್ನೂ ಹಿಡಿಯುತ್ತದೆ. ಅದು ನಮ್ಮಲ್ಲಿ ಅಪರೂಪವಲ್ಲ, ಅದೂ ಮಿದುಳನ್ನೇ ಹಾಳುಮಾಡುತ್ತದೆ, ಅದಕ್ಕೆ ದಿನಕ್ಕೊಂದು ಅಗ್ಗದ ಮಾತ್ರೆ ಸಾಕು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ವಿಶೇಷ ಆಹಾರದಿಂದ ನಿಭಾಯಿಸಬಹುದಾದ ಕಾಯಿಲೆಗಳಲ್ಲಿ ಪಿಕೆಯುವನ್ನು ಸೇರಿಸಿದೆ. ಪತ್ತೆಯೇ ಆಗದ ಮಗುವಿಗೆ ಆ ನೀತಿ ತಲುಪುವುದು ಹೇಗೆ? ಹುಟ್ಟಿದ ದಿನವೇ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಲಸಿಕೆಗಳನ್ನು ತಾಲೂಕು ಆಸ್ಪತ್ರೆಯಲ್ಲೂ ಉಚಿತವಾಗಿ ಕೊಡುವ ವ್ಯವಸ್ಥೆ ನಮ್ಮಲ್ಲಿದೆ. ಅದೇ ನರ್ಸ್ ಅದೇ ವಾರ್ಡಿನಲ್ಲಿ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತ ಇಳಿಸಬಲ್ಲಳು. ಸರ್ಕಾರ ಒದಗಿಸಬೇಕಾದದ್ದು ಕಾಗದ, ಅಂಚೆ, ಜಿಲ್ಲೆಗಳ ಕೆಲಸವನ್ನು ವಹಿಸಿಕೊಳ್ಳುವ ಪ್ರಯೋಗಾಲಯ, ಫಲಿತಾಂಶ ಬಂದ ಕೂಡಲೇ ಮನೆಗೆ ಫೋನ್ ಮಾಡುವ ಒಬ್ಬ ಮನುಷ್ಯ.

ಅದು ಬರುವವರೆಗೆ ಮನೆಯವರೇ ಕೇಳಬೇಕು. ಮಗು ಹಾಲು ಕುಡಿಯಲು ಶುರುಮಾಡಿ ಒಂದು ದಿನವಾದರೂ ಕಳೆದಿರಬೇಕು, ಇಲ್ಲದಿದ್ದರೆ ರಕ್ತದಲ್ಲಿ ಫಿನೈಲ್‌ಅಲನೈನ್ ಏರಿರುವುದಿಲ್ಲ. ಹುಟ್ಟಿದ 24 ಗಂಟೆಯಿಂದ 72 ಗಂಟೆಯೊಳಗೆ ತೆಗೆದ ರಕ್ತ ಒಳ್ಳೆಯದು. ಡಿಸ್‌ಚಾರ್ಜ್ ಆಗುವ ಮುನ್ನ ನವಜಾತ ಶಿಶುವಿನ ಸ್ಕ್ರೀನಿಂಗ್ ಆಗಿದೆಯೇ ಎಂದು ಕೇಳಿ. ಆಗಿದ್ದರೆ ಯಾವ ಯಾವ ಕಾಯಿಲೆಗೆ, ಫಲಿತಾಂಶ ಯಾವಾಗ, ಯಾರಿಗೆ ಫೋನ್ ಮಾಡಬೇಕು ಎಂದೂ ಕೇಳಿ ಬರೆದುಕೊಳ್ಳಿ. ಆಗದಿದ್ದರೆ ಮೊದಲ ವಾರದಲ್ಲೇ ಮಕ್ಕಳ ವೈದ್ಯರ ಬಳಿ ಮಾಡಿಸಿ. ಹಿಂದಿನ ಮಗು ಕಾರಣ ತಿಳಿಯದೆ ತೀರಿಕೊಂಡಿದ್ದರೆ ಅಥವಾ ಬೆಳವಣಿಗೆ ಕುಂಠಿತವಾಗಿದ್ದರೆ, ಗಂಡ ಹೆಂಡತಿ ಸಂಬಂಧಿಕರಾಗಿದ್ದರೆ, ಅದನ್ನು ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಈಗಾಗಲೇ ಪಿಕೆಯು ಪತ್ತೆಯಾದ ಮಗು ಮನೆಯಲ್ಲಿದ್ದರೆ ಶಾಲೆಯ ಮೇಷ್ಟ್ರಿಗೆ ಬರೆದು ಕೊಡಿ, ಕ್ಷೀರಭಾಗ್ಯದ ಹಾಲು ಮತ್ತು ಬಿಸಿಯೂಟದ ಮೊಟ್ಟೆ ಆ ಮಗುವಿಗೆ ಬೇಡ ಎಂದು.